ವಕೀಲ್ ಸಾಬರ ಮಗಳು

ನಸೀರ್ ಬಂದಾಗ ಬಸವಕಲ್ಯಾಣದ ವಕೀಲ ಅಂಬಾದಾಸನ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಬಾಗಿಲು ತೆರೆದೇ ಇತ್ತು. ಅವನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರದೆ, ಕೈಯಲ್ಲಿದ್ದ ಕಂದು ಲಕೋಟೆಯನ್ನು ಎದೆಗೆ ಒತ್ತಿಕೊಂಡು ನಿಂತ.

"ಬಾ ನಸೀರ್, ಕುಂದರು. ಒಂದ್ ರೊಟ್ಟಿ ತಿನ್ನು," ಎಂದ ಅಂಬಾದಾಸ.

"ಉಂಡೇ ಬಂದೀನಿ ಸಾಬ್. ನೀವು ಉಣ್ರಿ."

ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಅವನು ಮದುವೆಗೆ ಮೊದಲಿನಿಂದ ರಿಯಾಕ್ಟರ್ ನೋಡಿಕೊಳ್ಳುತ್ತಿದ್ದ. ಆ ಮಧ್ಯಾಹ್ನ ಗೇಟಿನಲ್ಲೇ ತಡೆದು ಲಕೋಟೆ ಕೊಟ್ಟು ಕಳಿಸಿದ್ದರು. ಅಂಬಾದಾಸ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈಯಲ್ಲಿ ಕಾಗದ ಹಿಡಿದು ಓದಿದ. ಕೆಲಸದಿಂದ ವಜಾ. ಪಾಳಿಯಲ್ಲಿ ನಿದ್ದೆ ಹೋಗಿ, ಉಷ್ಣತೆ ಗಮನಿಸದೆ, ಒಂದು ಬ್ಯಾಚ್ ಪೂರ್ತಿ ಸುಟ್ಟು ಹಾಳಾಗಲು ಬಿಟ್ಟ ಆರೋಪ. ಕಾರ್ಖಾನೆಯೊಳಗಿನ ವಿಚಾರಣೆಯಲ್ಲಿ ಆರೋಪ ಸಾಬೀತಾಗಿದೆ.

"ಎನ್‌ಕ್ವೈರಿ ಮುಗೀತೇನು? ನಂಗ ಯಾಕ ಹೇಳಲಿಲ್ಲ?"

"ಹೇಳೋದೇನದ ಸಾಬ್," ಎಂದು ನಸೀರ್ ನಕ್ಕ. "ಬೇಟಿನೇ ಕುಂತಿದ್ಳಲ್ಲ." ಅವನು ಅಂಬಾದಾಸನನ್ನು ದಾಟಿ ಅವನಂತೆಯೇ ವಕೀಲಿ ಓದಿದ ಮಗಳು ಪ್ರಣಿತಾಳ ಕಡೆ ನೋಡಿದ. "ಬೇಟಿ, ಇದರ ಮುಂದ ಏನು ಮಾಡ್ಬೇಕ್ರಿ?"

ಆ ವಜಾ ಪತ್ರವೂ ವಕೀಲರ ಮನೆಯವರೇ ಹೂಡಿದ ಆಟದ ಒಂದು ನಡೆ ಎಂದು ಅವನು ತಿಳಿದಿದ್ದ. ಪ್ರಣಿತಾ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

"ಎಲ್ಲಿ ಕುಂತಿದ್ಳು ಇಕಿ?" ಎಂದು ಅಂಬಾದಾಸನ ತಾಯಿ ರತ್ನಮಾಲಾ ಕೇಳಿದಳು.

"ದೊಡ್ಡ ಕುರ್ಚ್ಯಾಗ ಅಮ್ಮಾ. ಎನ್‌ಕ್ವೈರಿ ಆಫೀಸರ್. ಮೊದಲನೇ ದಿನ ಒಳಗ ಹೋಗಿ ನೋಡ್ತೀನಿ, ನಮ್ಮ ಬೇಟಿ. ಅಲ್ತಾಫ್ ನನ್ನ ಸಂಗಾಟ ಬಂದಿದ್ದ. ನೀವೇ ಹೇಳಿದ್ರಲ್ಲ ಸಾಬ್, ವಕೀಲರಿಗಿ ಒಳಗ ಬಿಡಲ್ಲ, ಜೊತಿ ಕೆಲಸ ಮಾಡೋನೊಬ್ಬನ್ನ ಕರ್ಕೊಂಡು ಹೋಗು ಅಂತ. ಹೊರಗ ಬಂದು ಅವಗ ಅಂದೆ, ನೀ ಹೋಗೋ, ಸುಮ್ಮ ಸಾಹೇಬರ ಕಣ್ಣಿಗಿ ಯಾಕ ಬೀಳ್ತಿ, ಒಳಗ ವಕೀಲ್ ಸಾಬರ ಮಗಳೇ ಅದಾಳ."

"ಸೂಪರ್‌ವೈಸರ್ ನೀ ಮಲಗಿದ್ದಿ ಅಂತ ಹೇಳಿದಾಗ ಏನು ಕೇಳಿದಿ?"

"ಏನೂ ಕೇಳಲಿಲ್ಲ. ಬೇಟಿ ಅಂದ್ಳು, ಏನರ ಕೇಳೋದದ ಏನು ಅಂತ. ನಾ ಇಲ್ಲ ಅಂದೆ. ಗೇಜಿನ ಮುಳ್ಳು ಹಿಡ್ಕೊಂಡಿತ್ತು, ನಾ ಮೂರು ಸಲ ಕಂಪ್ಲೇಂಟ್ ಬರೆಸಿದ್ದೆ, ಅದೆಲ್ಲ ಆಕಿಗಿ ಗೊತ್ತೇ ಅದ. ಇದೇ ಜಾಗದಾಗ ಕುಂತು ಹೇಳೀನಿ, ಆಕಿನೇ ಚಾ ತಂದುಕೊಟ್ಟಿದ್ಳು. ಮತ್ತ ಆ ಮಂದಿ ಮುಂದ ನಮ್ಮ ಮಾತು ಯಾಕ ಬಿಚ್ಚಲಿ."

"ಸೈ ಮಾಡಿದಿ?"

"ಬೇಟಿ ಬೊಟ್ಟು ಇಟ್ಟಲ್ಲೆಲ್ಲ ಮಾಡೀನಿ."

ಅಂಬಾದಾಸ ಕಾಗದ ಮಡಿಸಿ ಲಕೋಟೆಯಲ್ಲಿ ಇಟ್ಟ. "ನಾಳಿ ಹುಮನಾಬಾದ ಆಫೀಸಿಗಿ ಬಾ," ಎಂದ. ನಸೀರ್ ಎಲ್ಲರಿಗೂ ಸಲಾಮು ಮಾಡಿ, ಹಿತ್ತಲ ಕಡೆ ಮುಖ ಮಾಡಿ "ಬರ್ತೀನಿ ಬೇಟಿ" ಎಂದು ಕೂಗಿ ಹೋದ.

ಸುಗಂಧಾ ತಟ್ಟೆ ಎತ್ತತೊಡಗಿದಳು.

"ಇಡು ಅದನ್ನ," ಎಂದ ಅಂಬಾದಾಸ ಹೆಂಡತಿಗೆ. "ಇಕಿ ಕಂಪನಿ ಎನ್‌ಕ್ವೈರಿ ಮಾಡೋದು ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ನನಗ ಸೀನಿಯರ್ ಒಬ್ಬರ ಆಫೀಸಿಗಿ ಹೋಗ್ತೀನಿ ಅಂದಿದ್ಳು."

"ಖರೇ ಹೇಳಿದ್ರ ಬಿಡ್ತಿದ್ರೇನು?"

ಬಿಡುತ್ತಿರಲಿಲ್ಲ. ವಕೀಲಿ ಶುರುಮಾಡಿದಂದಿನಿಂದ ಅಂಬಾದಾಸ ಮಾಲೀಕರ ವಕಾಲತ್ತು ಹಿಡಿದವನಲ್ಲ. ಸಕ್ಕರೆ ಕಾರ್ಖಾನೆಯ ಹಂಗಾಮಿ ಕೆಲಸಗಾರರು, ಗುತ್ತಿಗೆ ವಾಚ್‌ಮನ್‌ಗಳು, ಬಸವಕಲ್ಯಾಣದ ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಬೆರಳು ಕಳೆದುಕೊಂಡ ವೆಲ್ಡರ್‌ಗಳು, ಇವರೇ ಅವನ ಕಕ್ಷಿದಾರರು. ಗೆದ್ದವರಲ್ಲಿ ಹಲವರು ಫೀಸಿಗೆ ಬದಲು ತೊಗರಿ ತಂದು ಹಾಕುತ್ತಿದ್ದರು. ಮನೆಗೆ ಬೇಳೆ ಕೊಂಡ ನೆನಪು ಸುಗಂಧಾಳಿಗಿಲ್ಲ. ಆದರೆ ಎಣ್ಣೆ, ಸಕ್ಕರೆ, ಕರೆಂಟಿನ ಬಿಲ್ಲು, ಮಗಳ ಕಾಲೇಜು ಎಲ್ಲ ನಡೆದದ್ದು ಅವಳ ಅಂಗನವಾಡಿಯ ಗೌರವಧನದಲ್ಲಿ. ನಸೀರನಿಗೂ ಹಿಂದೊಮ್ಮೆ ತಡೆಹಿಡಿದ ಸಂಬಳ ಕೊಡಿಸಿದವನು ಅಂಬಾದಾಸನೇ. ಅಂದಿನಿಂದ ನಸೀರನ ಮನೆಯಲ್ಲಿ ಕೂಸಿಗೆ ಹೆಸರಿಡುವುದಿದ್ದರೂ ವಕೀಲ್ ಸಾಬರನ್ನು ಒಂದು ಮಾತು ಕೇಳುತ್ತಿದ್ದರು.

ಪ್ರಣಿತಾ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಕಾಯ್ದೆಶೀರ ಏನೂ ತಪ್ಪಿಲ್ಲ ಪಪ್ಪಾ. ನೋಟಿಸು ಕೊಟ್ಟೀನಿ. ಸಹಾಯಕನ್ನ ತರ್ತೀರೇನು ಅಂತ ಕೇಳೀನಿ. ಪ್ರಶ್ನೆ ಅದಾವೇನು ಅಂತ ಕೇಳೀನಿ. ಎಲ್ಲಾ ಬರೆದದ."

"ಮುಳ್ಳು ಹಿಡ್ಕೊಂಡದ್ದು ನಿನಗ ಗೊತ್ತಿತ್ತಿಲ್ಲೋ?"

"ಮನ್ಯಾಗ ಕೇಳಿದ್ದು ಗೊತ್ತಿತ್ತು. ರೆಕಾರ್ಡಿನಾಗ ಇಲ್ಲದ್ದು ನಾ ಹ್ಯಾಂಗ ಬರೀಲಿ? ಇದು ನೀವೇ ಕಲಿಸಿದ್ದು."

"ಅವನು ಯಾಕ ಸುಮ್ಮ ಕುಂತ ಅಂತ ಗೊತ್ತಿತ್ತೇನು?"

ಅವಳು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಅವನ್ನ ನೋಡಿದ ಕೂಡ್ಲೇ ಏಳಬೇಕಿತ್ತು. ಈತ ನಮ್ಮ ಮನಿಗಿ ಬರೋ ಮನುಷ್ಯ, ನಾ ಈ ಎನ್‌ಕ್ವೈರಿ ಮಾಡಲ್ಲ ಅಂದಿದ್ರ ಮುಗೀತಿತ್ತು."

"ಎದ್ದಿದ್ರ ಮತ್ತ ಯಾವ ಕಂಪನಿ ನನ್ನ ಕರೀತಿತ್ತು? ಎರಡು ವರ್ಷ ನಿಮ್ಮ ಆಫೀಸಿನಾಗ ಕುಂತೀನಿ. ಬಂದವರೆಲ್ಲ ನನ್ನ ಮುಖ ನೋಡಿ, 'ವಕೀಲ್ ಸಾಬ್ ಇಲ್ಲೇನ್ರಿ?' ಅಂತ ಕೇಳಿ ವಾಪಸ್ ಹೋಗ್ತಾರ. ನೀವರ ಏನು ಕೊಟ್ರಿ? ಮುಂದಿನ ತಾರೀಖು ಕೇಳ್ಕೊಂಡು ಬಾ ಅಂತ ಕಳಿಸಿದ್ರಿ. ಅಲ್ಲಿ ನನಗ ಮೇಡಂ ಅಂತಾರ. ಎದ್ದಿದ್ರ ನಾ ಮತ್ತ ನಿಮ್ಮ ಮಗಳಷ್ಟೇ ಆಗ್ತಿದ್ದೆ."

"ಆ ದಿನ ನಸೀರ್ ನಿನ್ನ ಅದಕ್ಕೇ ನಂಬಿದ."

"ನಂಬು ಅಂತ ನಾ ಅನ್ನಲಿಲ್ಲ."

"ಅಕಿ ಅನ್ನಲಿಲ್ಲ. ನಾ ಅಂದೆ," ಎಂದಳು ಸುಗಂಧಾ.

ಇಬ್ಬರೂ ಅವಳ ಕಡೆ ತಿರುಗಿದರು. ವಿಚಾರಣೆಯ ಮೊದಲ ದಿನವಾದ ಮೇಲೆ ನಸೀರ್ ಮನೆಗೆ ಬಂದಿದ್ದ. ಅಂಬಾದಾಸ ಕಲಬುರಗಿಗೆ ಹೋಗಿದ್ದ. "ಬೇಟಿ ಕುಂತಾಳ ಭಾಭಿ, ಈಗ ನಾ ಬೇಫಿಕರ್" ಎಂದಿದ್ದ. ಅಂಗನವಾಡಿಗೆ ಹೊತ್ತಾಗುತ್ತಿದ್ದ ಸುಗಂಧಾ ಬಾಗಿಲಿಗೆ ಬೀಗ ಹಾಕುತ್ತ, "ಹೌದು ಭೈಯ್ಯಾ, ನಮ್ಮ ಹುಡುಗಿನೇ ಅದಾಳ, ಚಿಂತಿ ಮಾಡಬ್ಯಾಡ್ರಿ" ಎಂದುಬಿಟ್ಟಿದ್ದಳು. "ಮಾತಿಗಿ ಮಾತು ಅಂದೆ. ಬಾಗಲಕ್ಕ ಬಂದವಗ ಮತ್ತೇನನ್ನಲಿ? ಅವ ಬಂದು ಹಿಂಗಂದ ಅಂತ ಸಂಜಿಕಿ ಇಕಿಗೂ ಹೇಳಿದೆ."

ಅಂಬಾದಾಸ ಮಗಳನ್ನು ನೋಡಿದ. ಅವಳು ಪಾತ್ರೆಗಳ ಕಡೆ ನೋಡುತ್ತಿದ್ದಳು.

ರತ್ನಮಾಲಾ ತನ್ನ ತಟ್ಟೆಯನ್ನು ಬೆರಳಿನಿಂದ ಒರೆಸಿ ಮುಗಿಸಿದಳು. "ಬೇಮಳಖೇಡದಾಗ ನಾವು ಮಂದಿ ಹೊಲದಾಗ ಕಳೆ ತೆಗೀತಿದ್ವಿ," ಎಂದಳು. "ನಮ್ಮ ಮ್ಯಾಲ ನಿಂತು ಕೆಲಸ ಮಾಡಿಸೋ ಮುಕಾದಮ್ ಯಾವಾಗಲೂ ನಮ್ಮ ಕೇರಿಯವನೇ ಇರ್ತಿದ್ದ. ಧಣಿ ಹುಡುಕಿ ಹುಡುಕಿ ನಮ್ಮವನನ್ನೇ ಇಡ್ತಿದ್ದ. ನಮ್ಮವ ಅಂತ ನಾವು ಬಾಯಿ ಬಿಡ್ತಿದ್ದಿಲ್ಲ."

"ಆಯಿ, ನೀ ಸುಮ್ಮ ಇರು," ಎಂದಳು ಪ್ರಣಿತಾ.

"ನಾ ಸುಮ್ಮನೇ ಇದ್ದೆ. ಅದಕ್ಕೇ ಸೊಂಟ ಹೋಯ್ತು."

*

ಮರುದಿನ ಹುಮನಾಬಾದಿನ ಕೋರ್ಟಿನೆದುರಿನ ಸಣ್ಣ ಕೋಣೆಯಲ್ಲಿ ಅಂಬಾದಾಸ ನಸೀರನಿಗೆ ಎಲ್ಲ ಬಿಡಿಸಿ ಹೇಳಿದ. ನಸೀರ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೇಳಿದ.

"ಅಂದ್ರ ಬೇಟಿ ಅವರ ಕಡೆಯಿಂದ ಕುಂತಿದ್ಳೇನು?"

"ಯಾರ ಕಡೆಯಿಂದನೂ ಕೂಡಬಾರದು. ಕರೆದವರು ಅವರು, ಪಗಾರ ಕೊಟ್ಟವರು ಅವರು."

"ನನಗ ಸಮಝಾಗಲಿಲ್ಲ ಸಾಬ್," ಎಂದ ನಸೀರ್. ಏಳುತ್ತ, "ಆಕಿಗಿ ಬೈಬ್ಯಾಡ್ರಿ," ಎಂದ.

ಕೇಸನ್ನು ಬೇರೆಯವರಿಗೆ ಕೊಡುವುದೇ ಸರಿ ಎಂದು ಅಂಬಾದಾಸ ತೀರ್ಮಾನಿಸಿದ್ದ. ಆ ಭಾನುವಾರ ಬಸವಕಲ್ಯಾಣದ ಹಳೇ ಊರಿನಲ್ಲಿದ್ದ ನಸೀರನ ಮನೆಗೆ ಅದನ್ನೇ ಹೇಳಲು ಹೋದ. ನಸೀರನ ಹೆಂಡತಿ ಅಲ್ಮಾಸ್ ಕುರ್ಚಿ ಹಾಕಿದಳು. ತಾಯಿ ವಜೀರಬಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಕಲಬುರ್ಗ್ಯಾಗ ನನಗಿಂತ ಚಲೋ ವಕೀಲರು ಅದಾರ. ನಾ ಹೇಳ್ತೀನಿ, ಅವರು ಮಾಡ್ತಾರ," ಎಂದ ಅಂಬಾದಾಸ.

"ಅವರಿಗಿ ನಿನ್ನ ಪರಿಚಯ ಅದ ಇಲ್ಲೋ?" ಎಂದಳು ವಜೀರಬಿ.

"ಅದ."

"ಮತ್ತ ಅವರು ನಿನ್ನ ಮಗಳನ್ನ ಕೇಳೋ ಮುಂದ ನಿನ್ನ ಮುಖ ನೋಡಿ ಕೇಳ್ತಾರ. ಲಿಹಾಜ್ ಮಾಡ್ತಾರ, ದಾಕ್ಷಿಣ್ಯಕ್ಕ ಬೀಳ್ತಾರ. ನೀನೇ ಕೇಳು ಬೇಟಾ. ನೀ ಆದ್ರ ಖರೇ ಕೇಳ್ತಿ."

"ಅಮ್ಮಿ, ಆಕಿ ನನ್ನ ಮಗಳು."

"ಇವ ನನ್ನ ಮಗ," ಎಂದಳು ವಜೀರಬಿ. "ಮೂರು ಮಂದಿ ಹೆಣ್ಣುಮಕ್ಕಳು ಅದಾವ ಇವಂಗ."

ಅಂಬಾದಾಸ ಕಲಬುರಗಿಯ ಕಾರ್ಮಿಕ ನ್ಯಾಯಾಲಯದಲ್ಲಿ ತಾನೇ ಅರ್ಜಿ ಹಾಕಿದ. ಮೊದಲು ತೀರ್ಮಾನವಾಗಬೇಕಾದ ಅಂಶ ಒಂದೇ: ಕಾರ್ಖಾನೆಯೊಳಗೆ ನಡೆದ ವಿಚಾರಣೆ ನ್ಯಾಯವಾಗಿತ್ತೆ, ಇಲ್ಲವೆ. ಅಲ್ಲ ಎಂದಾದರೆ ನಸೀರನಿಗೆ ಗೇಜಿನ ಮಾತು ಹೇಳಲು, ಅಲ್ತಾಫನನ್ನು ಕರೆಸಲು ಇನ್ನೊಂದು ಅವಕಾಶ. ಹೌದು ಎಂದಾದರೆ ಬಹುತೇಕ ಅಲ್ಲಿಗೆ ಮುಗಿದಂತೆ. ಕಂಪನಿಯ ಮೊದಲ ಸಾಕ್ಷಿ ಪ್ರಣಿತಾ.

ಅರ್ಜಿ ಹಾಕಿ ಬಂದ ದಿನ ಅವನು ಮನೆಯಲ್ಲಿ ಒಂದೇ ಮಾತು ಹೇಳಿದ: ಈ ಕೇಸಿನ ವಿಷಯ ಮನೆಯಲ್ಲಿ ಯಾರೂ ಎತ್ತಬಾರದು. ಅದೊಂದು ಮಾತು ಬಿಟ್ಟರೆ ಆಡಲು ಬೇರೆ ಮಾತೇ ಉಳಿದಿರಲಿಲ್ಲ. ಪ್ರಣಿತಾ ಹುಮನಾಬಾದಿಗೆ ಬೆಳಗಿನ ಮೊದಲ ಬಸ್ಸಿಗೆ ಹೋಗತೊಡಗಿದಳು, ಅಂಬಾದಾಸ ಅದರ ನಂತರದ ಬಸ್ಸಿಗೆ. ಸುಗಂಧಾ ಎರಡು ಸಲ ರೊಟ್ಟಿ ಬಡಿಯಬೇಕಾಯಿತು. ರಾತ್ರಿ ಊಟಕ್ಕೆ ತಂದೆ ಕೂತರೆ ಮಗಳಿಗೆ ಹಸಿವಿಲ್ಲ. ಮಗಳು ಕೂತರೆ ತಂದೆಗೆ ಓದುವ ಕೆಲಸ. ಒಮ್ಮೆ ಗ್ಯಾಸ್ ತೀರಿತ್ತು. ಪ್ರಣಿತಾ ಯಾರನ್ನೂ ಕೇಳದೆ ಸಿಲಿಂಡರ್ ತರಿಸಿದಳು. ಆ ದಿನ ಅಂಬಾದಾಸ ಅವಲಕ್ಕಿಗೆ ನೀರು ಹಾಕಿಕೊಂಡು ತಿಂದ.

"ಆಕಿ ತಂದ ಗ್ಯಾಸಿನ ಮ್ಯಾಲ ಮಾಡಿದ್ದು ಉಣ್ಣಂಗಿಲ್ಲೇನು?" ಎಂದಳು ಸುಗಂಧಾ.

"ಹಸಿವಿಲ್ಲ."

"ನನ್ನ ಪಗಾರದ ಮ್ಯಾಲ ಉಂಡ್ರಿ, ಕಕ್ಷಿದಾರರ ಬ್ಯಾಳಿ ಉಂಡ್ರಿ. ಮಗಳು ದುಡಿದದ್ದಕ್ಕ ಮಡಿ ಬಂತು."

"ನಮ್ಮಂಥವರ ಮನ್ಯಾಗ ಮಡಿ ಎಲ್ಲಿಂದ ಬರ್ಬೇಕು," ಎಂದು ರತ್ನಮಾಲಾ ಮೂಲೆಯಿಂದ ಅಂದಳು. ಯಾರೂ ನಗಲಿಲ್ಲ.

ಪ್ರಣಿತಾ ಸಂಜೆ ಒಳಕೋಣೆಯಲ್ಲಿ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದಳು. ಆ ಪರೀಕ್ಷೆ ಮೊದಲಿನಿಂದ ಸುಗಂಧಾಳ ಆಸೆ. ಅವಳ ಅಂಗನವಾಡಿಗೆ ಬರುವ ತಾಯಂದಿರಿಗೆಲ್ಲ ಆ ವಿಷಯ ಗೊತ್ತಿತ್ತು.

*

ಸಾಕ್ಷಿಯ ದಿನ ಕಲಬುರಗಿಗೆ ಒಂದೇ ಬಸ್ಸು. ತಂದೆ ಮುಂದೆ, ಮಗಳು ಹಿಂದೆ ಕೂತರು. ಸುಗಂಧಾ ಇಬ್ಬರಿಗೂ ಸೇರಿಸಿ ಒಂದೇ ಡಬ್ಬಿ ಕಟ್ಟಿ ಮಗಳ ಕೈಯಲ್ಲಿ ಕೊಟ್ಟಿದ್ದಳು.

ನ್ಯಾಯಾಧೀಶರ ಎದುರು ಅಂಬಾದಾಸ ಎದ್ದು, ಸಾಕ್ಷಿ ತನ್ನ ಮಗಳೆಂದೂ, ಕಂಪನಿಯವರಿಗೆ ಆಕ್ಷೇಪವಿದ್ದರೆ ತಾನು ಹಿಂದೆ ಸರಿಯುವೆನೆಂದೂ ಹೇಳಿದ. ಕಂಪನಿಯ ವಕೀಲರು ಸಂತೋಷದಿಂದಲೇ ಆಕ್ಷೇಪವಿಲ್ಲ ಎಂದರು. ತಂದೆ ಎಷ್ಟು ಗಟ್ಟಿಯಾಗಿ ಕೇಳಬಲ್ಲ ಎಂಬುದು ಅವರ ಲೆಕ್ಕ. ನ್ಯಾಯಾಧೀಶರು ನಸೀರನನ್ನು ಕೇಳಿದರು. "ಇವರೇ ಇರಲಿರಿ," ಎಂದ ನಸೀರ್.

ಅಂಬಾದಾಸನ ಪಾಟಿ ಸವಾಲು ಶುರುವಾಯಿತು.

"ನಿಮ್ಮ ತಂದೆಯ ಹೆಸರು?"

"ಅಂಬಾದಾಸ." ಟೈಪಿಸ್ಟ್ ತುಟಿ ಕಚ್ಚಿ ನಗು ತಡೆದ.

"ವಿಚಾರಣೆಗೆ ಮೊದಲು ಅರ್ಜಿದಾರರನ್ನು ನೋಡಿದ್ದಿರಾ?"

"ನೋಡಿದ್ದೆ. ನಮ್ಮ ಮನೆಗೆ ಬರುತ್ತಿದ್ದರು."

"ಗೇಜು ಕೆಟ್ಟಿದ್ದನ್ನು ಅವರು ಹೇಳುವಾಗ ನೀವು ಅಲ್ಲಿದ್ದಿರಾ?"

"ಚಹಾ ಕೊಟ್ಟು ಒಳಗೆ ಹೋದೆ. ಪೂರ್ತಿ ಕೇಳಿಲ್ಲ."

ಅಂಬಾದಾಸ ಕೈಯಲ್ಲಿದ್ದ ಪೆನ್ನಿನ ಟೋಪಿ ತೆಗೆದು ಮತ್ತೆ ಹಾಕಿದ. ಆ ಸಂಜೆ ಅವಳು ಗೋಡೆಗೆ ಒರಗಿ ಕೊನೆಯವರೆಗೂ ಕೇಳಿ, ಗೇಜಿನ ಫೋಟೋ ಇದೆಯೇ ಎಂದು ಸ್ವತಃ ನಸೀರನನ್ನು ವಿಚಾರಿಸಿದ್ದಳು.

"ಈ ಪರಿಚಯವನ್ನು ಕಂಪನಿಗೆ ತಿಳಿಸಿದ್ದಿರಾ?"

"ಇಲ್ಲ. ಪರಿಚಯದಿಂದ ಅರ್ಜಿದಾರರಿಗೆ ತೊಂದರೆ ಆಗುವಂತಿರಲಿಲ್ಲ. ಅವರೂ ಆಕ್ಷೇಪಿಸಲಿಲ್ಲ."

"ಯಾಕೆ ಆಕ್ಷೇಪಿಸಲಿಲ್ಲ?"

"ಅದನ್ನು ಅವರನ್ನೇ ಕೇಳಬೇಕು."

"ಅವರು ಒಂದೂ ಪ್ರಶ್ನೆ ಕೇಳದಿದ್ದಾಗ ನಿಮಗೆ ಏನನ್ನಿಸಿತು?"

"ಅನ್ನಿಸಿದ್ದನ್ನು ಬರೆಯುವುದು ವಿಚಾರಣಾಧಿಕಾರಿಯ ಕೆಲಸವಲ್ಲ."

ಒಳ್ಳೆಯ ಉತ್ತರ. ಬೇರೆ ಯಾವ ಕಿರಿಯ ವಕೀಲರು ಕೊಟ್ಟಿದ್ದರೂ ಅಂಬಾದಾಸ ಹೊರಗೆ ಬಂದು ಬೆನ್ನು ತಟ್ಟುತ್ತಿದ್ದ. ಅವನು ಇನ್ನೊಂದು ಗಂಟೆ ಬೇರೆ ಬೇರೆ ದಾರಿಗಳಿಂದ ಅಲ್ಲಿಗೇ ಬಂದ. ನ್ಯಾಯಾಧೀಶರು ಸಾಕ್ಷಿಗೆ ಎರಡು ಸಲ ನೀರು ಕೊಡಿಸಿದರು. ಕೊನೆಗೆ ಅವನು ಕೇಳಲೇಬೇಕಾದದ್ದನ್ನು ಕೇಳಿದ.

"ನೀವು ತಮ್ಮ ಪರವಾಗಿಯೇ ಕೂತಿದ್ದೀರಿ ಎಂದು ಅರ್ಜಿದಾರರು ನಂಬಿದ್ದರು. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಮಾಡಿಸಿಕೊಂಡಿರಿ."

"ಎಂದರೆ ಸರಿಯಲ್ಲ," ಎಂದು ಪ್ರಣಿತಾ ಕೋರ್ಟಿನ ಭಾಷೆಯಲ್ಲೇ ಅಲ್ಲಗಳೆದಳು. ಅವಳ ಕಣ್ಣು ಟೈಪಿಸ್ಟನ ಬೆರಳುಗಳ ಮೇಲಿತ್ತು.

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದರು. ಡಬ್ಬಿ ಹಾಗೇ ಇತ್ತು.

"ಭಾಳ ಚಲೋ ಕೇಳಿದ್ರಿ ಪಪ್ಪಾ," ಎಂದಳು ಪ್ರಣಿತಾ.

"ನೀನೂ ಚಲೋ ಉತ್ತರ ಕೊಟ್ಟಿ."

*

ಆ ವಾರ ಅಂಬಾದಾಸ ಜಗಲಿಯಲ್ಲಿ ಕೂತು ನಸೀರನ ಪ್ರಮಾಣಪತ್ರ ಸಿದ್ಧಮಾಡುತ್ತಿದ್ದ. ಸುಗಂಧಾ ಎದುರಿಗೆ ಕೂತು ಬೇಳೆ ಆರಿಸುತ್ತಿದ್ದಳು. ನಿಯಮ ಮುರಿದವಳು ಅವಳೇ.

"ನಸೀರ್ ಏನು ಹೇಳ್ಬೇಕು ಈಗ?"

"ನಡೆದದ್ದು ಹೇಳ್ಬೇಕು. ವಕೀಲರ ಮಗಳು ಅಂತ ನಂಬಿ ಸುಮ್ಮ ಕುಂತೆ, ಅಷ್ಟು ಸಾಕು."

"ಅವನು ಹೇಳದಿದ್ರ?"

"ಮತ್ಯಾರು ಹೇಳ್ತಾರ? ನೀ ಬರ್ತಿಯೇನು? ಸಂಜಿಕಿ ಇಕಿಗೂ ಹೇಳಿದ್ದೆ ಅಂತ ಅಲ್ಲಿ ಹೇಳ್ತಿಯೇನು?"

"ಹೆತ್ತ ಮಗಳ ಮ್ಯಾಲ ನಾ ಸಾಕ್ಷಿ ಹೇಳಲ್ಲ."

"ನಾನೂ ಕರೆಯಲ್ಲ. ನಸೀರ್ ಒಬ್ಬನೇ ಸಾಕು."

ಸುಗಂಧಾ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು. "ನೀವು ಗೆದ್ರ ಆರ್ಡರಿನಾಗ ಇಕಿ ಹೆಸರು ಬರ್ತದೇನು?"

"ಬರ್ತದ."

"ಏನಂತ ಬರ್ತದ?"

"ವಿಚಾರಣಾಧಿಕಾರಿ ನಂಬಿದವನಿಗಿ ಮೋಸ ಮಾಡಿದ್ಳು ಅಂತ. ಹಂಗೇ ಬರೀರಿ ಅಂತ ನಾನೇ ಕೇಳೀನಿ."

"ಮತ್ತ ಪರೀಕ್ಷಾ?"

"ಬರೀಬಹುದು. ಆರಿಸೋ ಮುಂದ ಇದನ್ನೂ ಓದ್ತಾರ."

"ನೀವೇ ಬರೆದುಕೊಟ್ರಿ," ಎಂದಳು ಸುಗಂಧಾ. ಅವನು ಹೂಂಗುಟ್ಟಿ ಬರೆಯುವುದನ್ನು ಮುಂದುವರಿಸಿದ.

ಎರಡು ದಿನ ಬಿಟ್ಟು ಅಂಗನವಾಡಿ ಮುಗಿಸಿದವಳು ಮನೆಗೆ ಬರದೆ ಹಳೇ ಊರಿನ ದಾರಿ ಹಿಡಿದಳು. ಬುಟ್ಟಿಯಲ್ಲಿ ಮೆಂತ್ಯದ ಉಂಡೆಗಳಿದ್ದವು. ಅಲ್ಮಾಸ್ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಸೀರ್ ಮನೆಯಲ್ಲಿರಲಿಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಗ್ರೈಂಡಿಂಗ್‌ಗೆ ಹೋಗುತ್ತಿದ್ದ. ದಿನಗೂಲಿ, ಕರೆದ ದಿನ ಮಾತ್ರ.

"ಯಾಕ ಬಂದಿ ಸುಗಂಧಾ?" ಎಂದಳು ವಜೀರಬಿ ಮಂಚದಿಂದ.

"ಮೊಣಕಾಲ ನೋವು ಅಂದಿದ್ರಲ್ಲ. ಮೆಂತೆ ಉಂಡಿ ತಂದೀನಿ."

"ಇಡು."

ಸುಗಂಧಾ ಉಂಡೆಗಳನ್ನು ಇಟ್ಟು ಅಲ್ಮಾಸಳ ಪಕ್ಕ ಕೂತಳು. ಮೊರದ ಅರ್ಧ ಅಕ್ಕಿಯನ್ನು ತನ್ನ ಕಡೆ ಎಳೆದುಕೊಂಡು ಆರಿಸತೊಡಗಿದಳು. ಅಲ್ಮಾಸ್ ಬೇಡವೆಂದಳು, ಅವಳು ಕೇಳಲಿಲ್ಲ. ರೇಷನ್ ಅಕ್ಕಿ, ನೆಲ್ಲು ಬಹಳ. ದೊಡ್ಡ ಹುಡುಗಿ ಶಾಲೆಯಿಂದ ಬಂದು ಚೀಲ ಇಟ್ಟು, ಬಂದವರು ಯಾರೆಂದು ಅಜ್ಜಿಯ ಕಿವಿಯಲ್ಲಿ ಕೇಳಿದಳು. "ವಕೀಲ್ ಸಾಬರ ಮನಿಯವರು. ಸಲಾಂ ಮಾಡು," ಎಂದಳು ವಜೀರಬಿ. ಹುಡುಗಿ ಸಲಾಂ ಮಾಡಿದಳು. ಸುಗಂಧಾ ಅವಳ ತಲೆ ಸವರಿ, ಯಾವ ಕ್ಲಾಸು ಎಂದು ಕೇಳಿದಳು.

ಅಕ್ಕಿ ಮುಗಿಯಿತು. ಸುಗಂಧಾ ಸೆರಗು ಕೊಡವಿ ಎದ್ದಳು.

"ಪ್ರಣಿತಾ ಹ್ಯಾಂಗ ಅದಾಳ?" ಎಂದು ವಜೀರಬಿಯೇ ಕೇಳಿದಳು.

"ಊಟ ಬಿಟ್ಟಾಳ," ಎಂದಳು ಸುಗಂಧಾ. ಚಪ್ಪಲಿ ಹಾಕಿಕೊಂಡು ಹೊರಟಳು.

*

ನಸೀರ್ ಸಾಕ್ಷಿ ಹೇಳುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗ್ರೈಂಡಿಂಗ್ ಕಿಡಿ ಸಿಡಿದು ಮುಂಗೈ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಾಗಿದ್ದವು. ಕಂಪನಿಯ ವಕೀಲರು ಪ್ರಮಾಣಪತ್ರವನ್ನು ಅವನ ಮುಂದೆ ಹಿಡಿದರು.

"ಇದನ್ನು ಬರೆದವರು ನಿಮ್ಮ ವಕೀಲರೇ ಅಲ್ಲವೇ?"

"ಹೌದ್ರಿ."

"ವಿಚಾರಣೆಯಲ್ಲಿ ಪ್ರಶ್ನೆ ಕೇಳಲು ನಿಮಗೆ ಅವಕಾಶ ಕೊಟ್ಟಿದ್ದರೇ?"

"ಕೊಟ್ಟಿದ್ದರಿ."

"ವಿಚಾರಣಾಧಿಕಾರಿ ನಿಮ್ಮ ವಕೀಲರ ಮಗಳು ಎಂಬ ಕಾರಣಕ್ಕೆ ನೀವು ಸುಮ್ಮನಿದ್ದಿರಿ ಎಂದು ಇದರಲ್ಲಿದೆ. ನಿಜವೇ?"

ನಸೀರ್ ಅಂಬಾದಾಸನನ್ನು ನೋಡಿದ. ಅಂಬಾದಾಸ ತಲೆಯಾಡಿಸಿ, ಹೇಳು ಎಂದು ಸನ್ನೆ ಮಾಡಿದ.

"ಇಲ್ಲರಿ," ಎಂದ ನಸೀರ್.

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಕೇಳೋದೇನೂ ಇದ್ದಿಲ್ಲರಿ."

ಕಂಪನಿಯ ವಕೀಲರು ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಯೋಚಿಸಿ ಹೇಳಿ. ನಿಮ್ಮದೇ ಕೆಲಸದ ಪ್ರಶ್ನೆ," ಎಂದರು.

"ಯೋಚನಿ ಮಾಡೀನ್ರಿ ಸಾಹೇಬ್ರ. ಬೇಟಿದು ಏನೂ ತಪ್ಪಿಲ್ಲ."

ಅಂಬಾದಾಸ ಮರುಪ್ರಶ್ನೆಗೆ ಅನುಮತಿ ಕೇಳಿದ. ಒಂದೇ ಪ್ರಶ್ನೆಯನ್ನು ನಾಲ್ಕು ರೀತಿಯಲ್ಲಿ ಕೇಳಿದ. ನಸೀರ್ ನಾಲ್ಕು ಸಲವೂ ಮೆತ್ತಗೆ ಅದೇ ಉತ್ತರ ಕೊಟ್ಟ. ಕೊನೆಗೆ ಅಂಬಾದಾಸನ ದನಿ ಏರಿತು. ನ್ಯಾಯಾಧೀಶರು ಅವನನ್ನು ಕೂಡಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಅವನು ನಸೀರನ ತೋಳು ಹಿಡಿದ. "ಯಾಕೋ? ಯಾಕ ಹಂಗಂದಿ?"

"ಏನರ ತಿನ್ನೋಣ ಬರ್ರಿ ಸಾಬ್. ಮುಂಜಾನಿಂದ ಹಸಿದೀರಿ."

"ನಿನ್ನ ಕೆಲಸ ಹೋಯ್ತಲ್ಲೋ."

"ಅದು ಆಗಲೇ ಹೋಗಿತ್ತಲ್ರಿ."

ಆದೇಶ ಬಂದದ್ದು ತೊಗರಿ ರಾಶಿಯ ಹೊತ್ತಿಗೆ. ವಿಚಾರಣೆ ನ್ಯಾಯಬದ್ಧವಾಗಿ ನಡೆದಿದೆ; ಅರ್ಜಿದಾರನೇ ಅದನ್ನು ಒಪ್ಪಿದ್ದಾನೆ; ವಜಾ ಆದೇಶದಲ್ಲಿ ಕೈ ಹಾಕಲು ಕಾರಣವಿಲ್ಲ. ಅಂಬಾದಾಸ ಪ್ರತಿಯನ್ನು ಊಟದ ಹೊತ್ತಿಗೆ ತಂದು ಮಗಳ ತಟ್ಟೆಯ ಪಕ್ಕ ಇಟ್ಟ. ಅವಳು ಎಡಗೈಯಿಂದ ಹಾಳೆ ತಿರುವಿದಳು.

"ಪಾಸಾದಿ?" ಎಂದಳು ರತ್ನಮಾಲಾ.

ಪ್ರಣಿತಾ ಹಾಳೆ ಮಡಿಸಿಟ್ಟಳು. "ನಸೀರ್ ಚಾಚಾ ಯಾಕ ಹಂಗ ಅಂದ್ರು?" ಎಂದು ಕೇಳಿದಳು. ಯಾರನ್ನು ಕೇಳಿದಳೆಂದು ತಿಳಿಯಲಿಲ್ಲ. ಸುಗಂಧಾ ಅವಳ ತಟ್ಟೆಗೆ ಇನ್ನೊಂದು ಸೌಟು ಪುಂಡಿಪಲ್ಯ ಹಾಕಿದಳು. ಆ ಸೌಟು ತಟ್ಟೆಯ ಅಂಚಿಗೆ ತಾಗಿ ಪಲ್ಯ ಹೊರಗೆ ಚೆಲ್ಲಿತು. ಅಂಬಾದಾಸ ಅದನ್ನು ನೋಡಿದ.

"ನೀ ಅವರ ಮನಿಗಿ ಹೋಗಿದ್ದಿಯೇನು?"

"ವಜೀರಬಿಗಿ ಮೊಣಕಾಲ ನೋವಿತ್ತು."

"ಏನು ಕೇಳಿದಿ ಅವರಿಗಿ?"

"ಏನೂ ಕೇಳಲಿಲ್ಲ. ನನ್ನ ಮಗಳ ಆಣೆ, ಒಂದ್ ಮಾತು ಕೇಳಲಿಲ್ಲ. ಅಕ್ಕಿ ಆರಿಸಿ ಬಂದೀನಿ."

"ಅವ್ವಾ, ನಿನಗ ಯಾರು ಹೋಗಂದ್ರು?" ಎಂದಳು ಪ್ರಣಿತಾ.

"ಯಾರೂ ಅನ್ನಲಿಲ್ಲ. ಉಣ್ಣು."

ಪ್ರಣಿತಾ ತಟ್ಟೆಯ ಮುಂದೆ ಹಾಗೇ ಕೂತಳು. ಬಹಳ ಹೊತ್ತಿನ ಮೇಲೆ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಆಮೇಲೆ ಇನ್ನೊಂದು. ತಟ್ಟೆ ಖಾಲಿಯಾಗುವವರೆಗೂ ಸುಗಂಧಾ ಅಲ್ಲಿಂದ ಕದಲಲಿಲ್ಲ.

ಮರುದಿನ ಅಂಬಾದಾಸ ಹುಮನಾಬಾದಿಗೆ ಹೋಗದೆ ನಸೀರನ ಮನೆಗೆ ಹೋದ. ನಸೀರ್ ಶೆಡ್ಡಿಗೆ ಹೋಗಿದ್ದ. ವಜೀರಬಿ ಅದೇ ಮಂಚದ ಮೇಲಿದ್ದಳು. ಅಲ್ಮಾಸ್ ಚಹಾ ತಂದಿಟ್ಟು ಒಳಗೆ ಹೋದಳು.

"ಹೈಕೋರ್ಟ್ ಅದ ಅಮ್ಮಿ. ಇನ್ನೂ ದಾರಿ ಅದ," ಎಂದ ಅಂಬಾದಾಸ. "ನಸೀರ್ ಹೇಳಿದ್ದನ್ನ ಹಿಂದಕ್ಕ ತಗೋಬೇಕು. ಖರೇ ಏನದ ಅದನ್ನ ಹೇಳ್ಬೇಕು."

"ಅವ ಹೇಳಲ್ಲ."

"ನೀವು ಹೇಳ್ರಿ ಅವಂಗ. ನೀವೇ ನನಗ ಅಂದ್ರಿ, ನೀನೇ ಕೇಳು, ಲಿಹಾಜ್ ಮಾಡಬ್ಯಾಡ ಅಂತ. ನಾ ಮಾಡಲಿಲ್ಲ."

"ನೀ ಮಾಡಲಿಲ್ಲ. ನನಗ ಗೊತ್ತದ," ಎಂದಳು ವಜೀರಬಿ. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಕೆಳಗಿಳಿಸಿದಳು. "ನಿನ್ನ ಹೆಂಡತಿ ಬಂದು ಇಲ್ಲಿ ಕುಂತಳು. ಕೈ ಮುಗೀಲಿಲ್ಲ, ಅಳಲಿಲ್ಲ. ಏನೂ ಕೇಳಲಿಲ್ಲ."

ಅಂಬಾದಾಸ ಚಹಾದ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ.

"ಕೇಳಿದ್ರ ಇಲ್ಲ ಅಂತಿದ್ದೆ. ಕೇಳದಾಕಿಗಿ ಏನಂತ ಇಲ್ಲ ಅನ್ನಲಿ?" ಎಂದಳು ವಜೀರಬಿ.

ಬೀದಿಯಲ್ಲಿ ಗುಜರಿಯವನ ಗಾಡಿ ಕೂಗುತ್ತ ಹೋಯಿತು. ಅವಳು ಅದು ದಾಟುವವರೆಗೆ ಕಾದಳು.

"ಚಾ ಆರಾಕತ್ತದ. ಕುಡಿ."